ಗುರುವಾರದ ಕೆಳಗೆ ಬಿಳಿ ಜಾಗ

ಮೀದುಂಪಿಟಿಯ ವಿಶ್ವವಿದ್ಯಾಲಯ
ಸಿಬ್ಬಂದಿ ವಸತಿ, ಮನೆ ಸಂಖ್ಯೆ 9
ಮಂಗಳವಾರ, 14 ಅಕ್ಟೋಬರ್ 1997

ಸೇನಾರತ್ನ ಅವರಿಗೆ ಇರಾಂಗನಿಯ ವಂದನೆಗಳು.

ಲಕೋಟೆಯ ಮೇಲೆ ನಿಮ್ಮ ಹೆಸರು ಬರೆಯುವಾಗ ಕೈ ಸ್ವಲ್ಪ ತಡೆಯಿತು. ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ನಿಮಗೆ ನಾನು ಕಾಗದ ಬರೆದದ್ದೇ ಇಲ್ಲ. ಬರೆಯುವಷ್ಟು ದೂರ ಇಬ್ಬರೂ ಹೋಗಿರಲಿಲ್ಲ. ಈಗ ನೀವು ಮಾತರದ ಕಡಲ ದಡದಲ್ಲಿ, ಶಾಲೆಯ ಮಕ್ಕಳಿಗೆ ಕಪ್ಪೆಯ ಚಿತ್ರ ಬಿಡಿಸಿ ತೋರಿಸುತ್ತಾ ಇದ್ದೀರಿ. ನಾನು ಇಲ್ಲೇ, ಈ ಮಂಜಿನೊಳಗೆ. ಕಿಟಕಿ ತೆಗೆದರೆ ಮಂಜು ಒಳಗೆ ಬಂದು ಕುರ್ಚಿಯ ಮೇಲೆ ಕೂತುಬಿಡುತ್ತದೆ. ಎಬ್ಬಿಸಲು ಮನಸ್ಸಾಗುವುದಿಲ್ಲ.

ಎರಡು ಸಂಗತಿ ಹೇಳಬೇಕು. ಒಂದು ನಿಮಗೆ ಸಂತೋಷ ಕೊಡುತ್ತದೆ, ಇನ್ನೊಂದು ಕೊಡುವುದಿಲ್ಲ. ಸಂತೋಷದ್ದನ್ನೇ ಮೊದಲು ಹೇಳುತ್ತೇನೆ. ಆದರೆ ಅದನ್ನು ಹೇಳಲು ಕಚೇರಿಯಲ್ಲಿ ನಾನು ಬರೆಯುವ ಪ್ರಕಟಣೆಗಳ ವಾರದ ಹಾಳೆಯಿಂದ ಶುರು ಮಾಡಬೇಕು. ಆ ಹಾಳೆಯನ್ನು ನೀವು ಒಂದು ವಾರವೂ ಓದಿದವರಲ್ಲ, ಆದ್ದರಿಂದ ತಾಳ್ಮೆಯಿಂದ ಓದಿ.

ನೀವು ಜನವರಿಯಲ್ಲಿ ಹೋದ ಮೇಲೂ ಹಾಳೆಯಲ್ಲಿ ನಿಮ್ಮ ಶನಿವಾರದ ಸಾಲು ಹಾಗೇ ಉಳಿದಿತ್ತು. ಹಾಳೆ ಹೀಗಿರುತ್ತಿತ್ತು: ಸೋಮವಾರ ಒಂಬತ್ತರಿಂದ ಹನ್ನೆರಡರವರೆಗೆ ನೀರು ಬರುವುದಿಲ್ಲ. ಬುಧವಾರ ನಾಟಕದ ತಾಲೀಮು, ಹಳೆಯ ಊಟದ ಮನೆಯಲ್ಲಿ. ಕಪ್ಪು ಛತ್ರಿಯೊಂದು ಸಿಕ್ಕಿದೆ, ಕಳೆದುಕೊಂಡವರು ಗ್ರಂಥಾಲಯದಲ್ಲಿ ಕೇಳಿ. ಶನಿವಾರ ಬೆಳಿಗ್ಗೆ ಆರಕ್ಕೆ ಪಕ್ಷಿವೀಕ್ಷಣೆಯ ನಡಿಗೆ, ನೀರಿನ ಟ್ಯಾಂಕಿನ ಬಳಿ ಸೇರುವುದು. ಪ್ರತಿ ಶುಕ್ರವಾರ ಸ್ಟೆನ್ಸಿಲ್ ಟೈಪು ಮಾಡುವಾಗ ಆ ಸಾಲಿನ ಹತ್ತಿರ ಬಂದು ನಿಲ್ಲುತ್ತಿದ್ದೆ. ತೆಗೆಯಲು ಆಗುತ್ತಿರಲಿಲ್ಲ. ಕೊನೆಯ ಎರಡು ವರ್ಷ ನಿಮ್ಮ ನಡಿಗೆಗೆ ಯಾರೂ ಬರುತ್ತಿರಲಿಲ್ಲವಲ್ಲ, ಇದ್ದರೆ ಯಾರಿಗೇನು ನಷ್ಟ ಅಂದುಕೊಂಡೆ.

ಜೂನ್ ತಿಂಗಳ ಒಂದು ಸೋಮವಾರ ಕಚೇರಿಯ ಬಾಗಿಲಲ್ಲಿ ಒಬ್ಬಳು ಹುಡುಗಿ ನಿಂತಿದ್ದಳು. ಕೈಯಲ್ಲಿ ಬಿಳಿ ಕೋಲು. ಕಲಾ ವಿಭಾಗದ ಮೊದಲ ವರ್ಷ, ಹೆಸರು ನಿಲ್ಮಿಣಿ, ಊರು ಸಿಯಂಬಲಾಂಡುವದ ಆಚೆ, ಕಾಡಿನ ಅಂಚು. ಹುಟ್ಟಿನಿಂದ ಕಣ್ಣು ಕಾಣದು.

"ವಾರದ ಹಾಳೆ ಬರೆಯೋದು ನೀವಾ ಮಿಸ್?" ಅಂದಳು.

ಹೌದು ಅಂದೆ.

"ಶನಿವಾರ ಟ್ಯಾಂಕಿನ ಹತ್ರ ಒಂದೂವರೆ ಗಂಟೆ ನಿಂತಿದ್ದೆ. ಯಾರೂ ಬರ್ಲಿಲ್ಲ. ನೀವು ಬರೆದದ್ದು ಸುಳ್ಳಾ, ಅಥವಾ ನಾನು ಬಂದದ್ದು ನೋಡಿ ಎಲ್ರೂ ಸುಮ್ನೆ ವಾಪಸ್ ಹೋದ್ರಾ?"

ಹಕ್ಕಿ ನೋಡುವ ನಡಿಗೆಗೆ ನೀನು ಹೇಗೆ ಅಂತ ಕೇಳಿಬಿಟ್ಟೆ. ಕೇಳಿದ ಮೇಲೆ ನಾಚಿಕೆಯಾಯಿತು. ಅವಳಿಗೆ ಆಗಲಿಲ್ಲ.

"ನಮ್ಮಜ್ಜನ ಹೊಲದಲ್ಲಿ ಹಕ್ಕಿ ಕಾಯೋಳು ನಾನೇ ಮಿಸ್. ಯಾವ ಹಕ್ಕಿ ಎಷ್ಟು ದೂರ ಇದೆ ಅಂತ ಹೇಳ್ತಿದ್ದೆ, ಅಜ್ಜ ಕಲ್ಲು ಬೀಸ್ತಿದ್ದ. ಒಂದು ಸಲಾನೂ ಹಕ್ಕಿಗೆ ತಗಲ್ಲಿಲ್ಲ, ಅದು ಬೇರೆ ಮಾತು. ಇಲ್ಲಿಯ ಹಕ್ಕಿಗಳು ನನಗೆ ಗೊತ್ತಿಲ್ಲ. ಬೆಳಿಗ್ಗೆ ಹಾಸ್ಟೆಲಿನ ಕಿಟಕಿಯಲ್ಲಿ ಎಷ್ಟೊಂದು ಜನ ಮಾತಾಡ್ತಾರೆ, ಒಬ್ಬರ ಹೆಸರೂ ಗೊತ್ತಿಲ್ಲ."

ಹಕ್ಕಿಗಳನ್ನು ಅವಳು ಜನ ಅಂದಳು. ಮುಂದಿನ ಶನಿವಾರ ಬಾ, ನಾನಿರುತ್ತೇನೆ ಅಂದೆ.

ನಾನು ಹೋದೆ. ಇಪ್ಪತ್ತೊಂದು ವರ್ಷದಲ್ಲಿ ನಿಮ್ಮ ಜೊತೆ ಒಂದು ದಿನವೂ ಬಾರದವಳು, ನಿಮ್ಮ ಹಳೆಯ ರಬ್ಬರ್ ಬೂಟು ಹಾಕಿಕೊಂಡು ಹೋದೆ. ಕ್ಯಾಂಟೀನಿನ ಸಲೀಂ ನಾನಾ, ನಮ್ಮೆಲ್ಲರ ಅಣ್ಣ, ಫ್ಲಾಸ್ಕು ಹಿಡಿದು ಮೊದಲೇ ಬಂದು ನಿಂತಿದ್ದರು. ಹುಡುಗಿಗೆ ಹಾಳೆ ಓದಿ ಹೇಳಿದವರು ಅವರೇ. ಸೋಮವಾರ ಹತ್ತು ಗಂಟೆಯ ಚಹಾಕ್ಕೆ ಇಡೀ ಕ್ಯಾಂಟೀನಿಗೆ ಕೇಳುವಂತೆ ಓದುತ್ತಾರೆ, ನಡುವೆ ತಮ್ಮದನ್ನೂ ಸೇರಿಸುತ್ತಾರೆ. ನೀರು ಬರುವುದಿಲ್ಲ ಅಂತಿದ್ದರೆ, "ಗಣಿತ ವಿಭಾಗದವರಿಗೆ ಇದು ಅನ್ವಯಿಸೋದಿಲ್ಲ, ಅವರು ಹೇಗೂ ಸ್ನಾನ ಮಾಡೋಲ್ಲ" ಅನ್ನುತ್ತಾರೆ.

"ನಾನು ಓದಿ ಹುಡುಗೀನ ಚಳೀಲಿ ನಿಲ್ಲಿಸಿದೆ ಮಿಸ್, ಪಾಪದಲ್ಲಿ ನನಗೂ ಪಾಲಿದೆ" ಅಂದರು. ಮೂವರೂ ನಿಂತು ಹಾಲಿಲ್ಲದ ಚಹಾ ಕುಡಿದೆವು, ಬೆಲ್ಲದ ಚೂರು ಕಚ್ಚಿಕೊಂಡು.

ಆ ಬೆಳಿಗ್ಗೆ ಹೇಗಿತ್ತು ಅಂತ ಹೇಳಲು ನನಗೆ ಬಾರದು. ಹತ್ತು ಹೆಜ್ಜೆ ಮುಂದೆ ಏನೂ ಕಾಣದು. ಮರಗಳು ಹತ್ತಿರ ಹೋದಾಗ ಮಾತ್ರ ಮರವಾಗುತ್ತಿದ್ದವು, ದಾಟಿದ ಮೇಲೆ ಮತ್ತೆ ಬಿಳಿ. ನಿಲ್ಮಿಣಿ ಮಾತ್ರ ನಿರಾಳವಾಗಿ ನಡೆಯುತ್ತಿದ್ದಳು. ಆಗಾಗ ನಿಂತು ಕೈ ಎತ್ತುವಳು, ನಾವೂ ನಿಲ್ಲುವೆವು. ಇದು ಕುಟ್ರು ಹಕ್ಕಿ, ನಮ್ಮೂರಿನದಕ್ಕಿಂತ ಗಂಟಲು ದಪ್ಪ. ಇದು ಮಡಿವಾಳ ಹಕ್ಕಿ, ಹೆಂಡತಿಯ ಜೊತೆ ಜಗಳವಾಗಿದೆ. ಅದರಾಚೆ ಇರೋದು ಯಾರು? ನಮಗಿಬ್ಬರಿಗೂ ಗೊತ್ತಿಲ್ಲ. ಆಗ ಅವಳು ಆ ದನಿಯನ್ನು ಹಾಗೆಹಾಗೇ ಮಾಡಿ ತೋರಿಸುವಳು. ಮರದಲ್ಲಿದ್ದದ್ದು ಒಂದು ಗಳಿಗೆ ಸುಮ್ಮನಾಗಿ ಉತ್ತರ ಕೊಡುತ್ತಿತ್ತು.

ಮನೆಗೆ ಬಂದು ನಿಮ್ಮ ಕಪಾಟು ತೆಗೆದೆ. ನೀವು ಬಿಟ್ಟುಹೋದ ಹನ್ನೆರಡು ನೋಟುಪುಸ್ತಕ. ನೀವು ಹಕ್ಕಿಯ ದನಿಗಳನ್ನು ಅಷ್ಟು ಚೆನ್ನಾಗಿ ಬರೆಯುತ್ತೀರಿ ಅಂತ ನನಗೆ ಗೊತ್ತಿರಲಿಲ್ಲ. 'ಒದ್ದೆ ಗಾಜನ್ನು ಬೆರಳಲ್ಲಿ ಉಜ್ಜಿದ ಹಾಗೆ.' 'ಮಗು ನಿದ್ದೆಯಲ್ಲಿ ನಕ್ಕ ಹಾಗೆ.' ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾನು ಒಂದೊಂದೇ ಓದುತ್ತಿದ್ದೆ, ನಿಲ್ಮಿಣಿ ಶನಿವಾರ ಕೇಳಿದ್ದನ್ನು ಮೆಲ್ಲಗೆ ಕೂಗಿ ತೋರಿಸುತ್ತಿದ್ದಳು. ಎರಡೂ ಹೊಂದಿದಾಗ ಅವಳ ಮುಖ ನೋಡಬೇಕಿತ್ತು. ರಿಜಿಸ್ಟ್ರಾರ್ ಒಮ್ಮೆ ಇಣುಕಿ, "ಕಚೇರಿಯೊಳಗೆ ಹಕ್ಕಿ ಬಂದಿದೆಯಾ?" ಅಂತ ಕೇಳಿಹೋದರು. ನಾವು ಇಲ್ಲ ಅಂದೆವು.

ಜುಲೈ ಹೊತ್ತಿಗೆ ಒಂಬತ್ತು ಜನರಾದರು. ಸಾಲನ್ನು ಬದಲಿಸಿ 'ಹಕ್ಕಿ ಕೇಳುವ ನಡಿಗೆ' ಅಂತ ಮಾಡಿದೆ.

ಸೆಪ್ಟೆಂಬರ್ ಆರನೆಯ ತಾರೀಕು ನಾವು ಕೆಳಗಿನ ತೊರೆಯ ಸೇತುವೆವರೆಗೆ ಇಳಿದೆವು. ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ನಿಲ್ಮಿಣಿ ಸೇತುವೆಯ ಕಂಬಿ ಹಿಡಿದು ನಿಂತವಳು ಬಹಳ ಹೊತ್ತು ಅಲುಗಲಿಲ್ಲ. "ನೀರಿನ ಕೆಳಗೆ ಯಾರೋ ಹಳೇ ಗೇಟು ತೆಗೀತಿದ್ದಾರೆ ಮಿಸ್" ಅಂದಳು. ಸಲೀಂ ನಾನಾ, ಅಲ್ಲಿ ಗೇಟಿಲ್ಲ ಮಗಳೇ ಅಂದರು. ಅವಳು ಆ ದನಿ ಮಾಡಿದಳು. ಶ್ರೀ, ಶ್ರೀ, ಶ್ರೀ, ತುಕ್ಕು ಹಿಡಿದ ಹಾಗೆ. ಹಿಂದಿನ ವಾರ ಏಳನೆಯ ಪುಸ್ತಕದಲ್ಲಿ ಅದೇ ಮಾತು ಓದಿದ್ದೆ, ಅವಳಿಗೆ ಇನ್ನೂ ಓದಿ ಹೇಳಿರಲಿಲ್ಲ. 'ಎಣ್ಣೆ ಕಾಣದ ಗೇಟು. ತೊರೆಯ ಬಳಿ, ಬೆಳಕು ಹರಿಯುವ ಮುಂಚೆ. ಅರೆಂಗಾ, ನಮ್ಮ ಗುಡ್ಡದ ಸಿಳ್ಳಾರ ಹಕ್ಕಿ.' ಕೊನೆಯ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ, '1993ರ ಡಿಸೆಂಬರ್ ನಂತರ ಇಲ್ಲ. ಹೋಯಿತು.'

ಹೋಗಿಲ್ಲ. ಮೂರು ಶನಿವಾರ ಸತತವಾಗಿ ಹೋದೆವು. ಮೂರನೆಯ ಸಲ ಮಂಜು ಒಂದು ಕಡೆ ಹರಿಯಿತು, ಒಂದು ಬಾಗಿಲಿನಷ್ಟು ಅಗಲ. ಕಲ್ಲಿನ ಮೇಲೆ ಹಕ್ಕಿ ಕೂತಿತ್ತು. ಕಪ್ಪು ಅಂದುಕೊಂಡೆ, ಭುಜದ ಮೇಲೆ ಒಂದು ಹನಿ ನೀಲಿ. ಬಾಲ ಬಿಚ್ಚಿ ಮುಚ್ಚಿತು, ಆಮೇಲೆ ಮತ್ತೆ ಬಿಳಿ. ನಿಲ್ಮಿಣಿ ನನ್ನ ಕೈ ಹಿಡಿದು, "ಹೇಗಿದೆ ಹೇಳಿ ಮಿಸ್" ಅಂದಳು. ಶಾಯಿ ಬುಡ್ಡಿ ಉರುಳಿದ ಹಾಗಿದೆ ಅಂದೆ. ಶಾಯಿ ಅವಳಿಗೇನು ಗೊತ್ತು ಅಂತ ಆಮೇಲೆ ಹೊಳೆಯಿತು. ಅವಳು, "ತಣ್ಣಗಿರೋ ಬಣ್ಣ ಅಲ್ವಾ?" ಅಂದಳು. ಹೌದು.

ಇದು ಸಂತೋಷದ ಸಂಗತಿ. ನಿಮ್ಮ ಹಕ್ಕಿ ಇದೆ.

ಇನ್ನು ಎರಡನೆಯದು.

ಆ ದಿನ ವಾಪಸು ಬರುವಾಗ ನಿಲ್ಮಿಣಿ, ಈ ಪುಸ್ತಕ ಬರೆದ ಸರ್ ಇಲ್ಲಿ ಯಾವತ್ತೂ ಭಾಷಣ ಮಾಡಲಿಲ್ಲವಾ ಅಂತ ಕೇಳಿದಳು. ಮಾಡಿದ್ದರು ಅಂದೆ. ತುಂಬಾ ಜನ ಬಂದಿರಬೇಕು ಅಂದಳು. ನಾನು ಹೆಜ್ಜೆ ಚುರುಕು ಮಾಡಿದೆ. ಸಲೀಂ ನಾನಾ ಸುಮ್ಮನಿದ್ದರು. ಅವರು ಸುಮ್ಮನಿದ್ದ ರೀತಿಯಲ್ಲೇ, ನಾನು ಮಾಡಿದ್ದು ಅವರಿಗೆ ತಿಳಿದಿದೆ ಅಂತ ಗೊತ್ತಾಯಿತು. ಸೋಮವಾರ ಕ್ಯಾಂಟೀನಿಗೆ ಒಬ್ಬಳೇ ಹೋಗಿ, ನಿಮಗೆ ಗೊತ್ತಿತ್ತಾ, ಸಲೀಂ ನಾನಾ, ಅಂದೆ.

ಅವರು ವಡೆಯ ಪೊಟ್ಟಣ ಕಟ್ಟುತ್ತಾ ತಲೆ ಎತ್ತಲಿಲ್ಲ. "ಹೋದ ವರ್ಷ ನವೆಂಬರ್ ಹನ್ನೊಂದರ ಹಾಳೆ. ಗುರುವಾರದ ಕೆಳಗೆ ಒಂದು ಸಾಲಿನಷ್ಟು ಬಿಳಿ ಜಾಗ ಇತ್ತು. ನಾನು ಅಂಗಡಿಯವನು ಮಿಸ್. ಇದ್ದದ್ದು ಓದ್ತೀನಿ, ಬಿಳಿ ಜಾಗ ಓದೋಕೆ ಹೋಗೋಲ್ಲ."

ಹೌದು. ನವೆಂಬರ್ ಹದಿನಾಲ್ಕು, ಗುರುವಾರ, ಮಧ್ಯಾಹ್ನ ಮೂರಕ್ಕೆ ನಿಮ್ಮ ಉಪನ್ಯಾಸ. ಹನ್ನೆರಡು ವರ್ಷದ ಕೆಲಸ. ನೂರಿಪ್ಪತ್ತು ಕುರ್ಚಿಯ ಸಭಾಂಗಣದಲ್ಲಿ ಆರು ಜನ. ಕೊಳಂಬಿನಿಂದ ಬಂದ ಪ್ರೊಫೆಸರು ಗಡಿಯಾರ ನೋಡುತ್ತಿದ್ದರು. ಸಭಾಂಗಣದಿಂದ ಹೊರಗೆ ಬರುವಾಗ ನೀವು ಒಂದೇ ಮಾತು ಆಡಿದಿರಿ. "ಇಷ್ಟು ವರ್ಷ ನಾನು ಗೋಡೆಗೆ ಪಾಠ ಹೇಳಿದ್ದು ಅನ್ನಿಸುತ್ತೆ." ಯಾರಿಗೂ ನಿಮ್ಮ ಹಕ್ಕಿ ಬೇಕಿಲ್ಲ ಅಂತ ನಂಬಿಕೊಂಡು ನೀವು ಇಲ್ಲಿಂದ ಹೋದಿರಿ. ಬೇಕಿರಲಿಲ್ಲ ಅಂತಲ್ಲ. ಉಪನ್ಯಾಸದ ಸುದ್ದಿ ಯಾರಿಗೂ ತಿಳಿಯಲೇ ಇಲ್ಲ. ಆ ಸಾಲನ್ನು ನಾನು ಟೈಪು ಮಾಡಿದೆ, ಮಾಡಿದ ಮೇಲೆ ಸ್ಟೆನ್ಸಿಲಿನ ಮೇಲೆ, ತಪ್ಪು ಅಳಿಸುವ ಕೆಂಪು ದ್ರವ ಬಳಿದು ಮುಚ್ಚಿದೆ.

ಯಾಕೆ ಅಂದರೆ, ಆ ವಾರವೇ ಕೊಳಂಬಿನ ಪ್ರೊಫೆಸರರ ಕಾಗದ ಕಚೇರಿಗೆ ಬಂದಿತ್ತು. ನಿಮ್ಮನ್ನು ತಮ್ಮ ಸಂಸ್ಥೆಗೆ ಕರೆದುಕೊಳ್ಳುವ ಯೋಚನೆ ಇದೆ, ಉಪನ್ಯಾಸ ಕೇಳಿ ತೀರ್ಮಾನಿಸುತ್ತೇವೆ, ಸೇನಾರತ್ನರು ಒಪ್ಪಿದ್ದಾರೆ ಅಂತ. ಅದು ನನ್ನ ಮೇಜಿನ ಮೇಲೇ ಬಂತು. ನೀವು ನನಗೆ ಒಂದು ಮಾತೂ ಹೇಳಿರಲಿಲ್ಲ. ಹೋಗಿಬಿಡುತ್ತೀರಿ ಅನ್ನುವ ಭಯದಲ್ಲಿ ಮುಚ್ಚಿದೆ. ಕೊಳಂಬಿನವರು ಮತ್ತೆ ಕರೆಯಲಿಲ್ಲ, ನೀವು ಮಾತರದ ಶಾಲೆ ಹಿಡಿದಿರಿ. ಜನವರಿಯಲ್ಲಿ, "ನೀನೂ ಬರ್ತೀಯಾ?" ಅಂತ ನೀವು ಕೇಳಿದಾಗ ಪಿಂಚಣಿಯ ನೆಪ ಹೇಳಿದೆ. ಅದನ್ನು ಎದೆಯಲ್ಲಿಟ್ಟುಕೊಂಡು ನಿಮ್ಮ ಎದುರು ದಿನಾ ಅನ್ನ ಬಡಿಸುವುದು ನನ್ನಿಂದ ಆಗುತ್ತಿರಲಿಲ್ಲ.

ಕಳೆದ ಗುರುವಾರ ರಿಜಿಸ್ಟ್ರಾರ್ ಹತ್ತಿರ ಹೋಗಿ, ಹಾಳೆಯಲ್ಲಿ ಒಂದು ತಿದ್ದುಪಡಿ ಹಾಕಬೇಕು ಅಂದೆ. ಅವರು ಓದಿ ಕನ್ನಡಕ ತೆಗೆದರು. "ಇದು ಕಚೇರಿಯ ಹಾಳೆ, ನಿಮ್ಮ ಮನೆಯದ್ದಲ್ಲ. ಆಗಲಿ, ಟೈಪಿನಲ್ಲಿ ತಪ್ಪಿಹೋಯಿತು ಅಂತ ಬರೀರಿ, ಸಾಕು." ತಪ್ಪಿಹೋದದ್ದಲ್ಲ ಸರ್, ನಾನು ತೆಗೆದದ್ದು ಅಂದೆ. ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. ಒಳ್ಳೆಯ ಮನುಷ್ಯ. "ಹಾಗೆ ಬರೆದರೆ ಈ ಕೆಲಸ ನಿಮ್ಮ ಕೈಯಲ್ಲಿ ಉಳಿಯೋಲ್ಲ ಇರಾಂಗನಿ" ಅಂದರು. ಗೊತ್ತು ಅಂದೆ.

ನಿನ್ನೆಯ ಹಾಳೆಯಲ್ಲಿ ಅದು ಬಂದಿದೆ, ನನ್ನ ಹೆಸರಿನ ಸಮೇತ. ಸಲೀಂ ನಾನಾ ಅದನ್ನು ಓದಿದರಂತೆ, ಏನೂ ಸೇರಿಸದೆ. ಮುಂದಿನ ವಾರದಿಂದ ನಾನು ಉಗ್ರಾಣ ವಿಭಾಗಕ್ಕೆ, ಬಲ್ಬು ಸೀಮೆಸುಣ್ಣದ ಜೊತೆ. ಹಾಳೆ ಬರೆಯಲು ಬೇರೆಯವರು ಬರುತ್ತಾರೆ. ಇವತ್ತು ಕೆಲವರು ನನ್ನ ಜೊತೆ ಮಾತಾಡಲಿಲ್ಲ. ನಿಲ್ಮಿಣಿ ಸಂಜೆ ಮನೆಗೆ ಬಂದಳು. "ನೀವು ಮಾಡಿದ್ದು ಕೆಟ್ಟದ್ದು ಮಿಸ್" ಅಂದಳು. ಆಮೇಲೆ, ಶನಿವಾರ ಎಷ್ಟು ಹೊತ್ತಿಗೆ ಹೊರಡೋದು ಅಂತ ಕೇಳಿದಳು.

ಬನ್ನಿ ಅಂತ ಕೇಳುವ ಹಕ್ಕು ನನಗಿಲ್ಲ. ನೋಟುಪುಸ್ತಕಗಳನ್ನು ನಾಳೆಯ ಬಸ್ಸಿನಲ್ಲಿ ಬರುವ ಸಲೀಂ ನಾನಾ ಅವರ ಅಳಿಯನ ಕೈಯಲ್ಲಿ ಕಳಿಸುತ್ತಿದ್ದೇನೆ. ಕೊನೆಯದರಲ್ಲಿ ನಿಮ್ಮ ಕೆಂಪು ಶಾಯಿಯ ಕೆಳಗೆ ಮೂರು ತಾರೀಕು ಬರೆದಿದ್ದೇನೆ, ನಿಲ್ಮಿಣಿ ಹೇಳಿದ ಹಾಗೆ. ಕಡಲ ಗಾಳಿಗೆ ನಿಮಗೆ ಕೆಮ್ಮು ಬರುತ್ತದೆ, ಕುತ್ತಿಗೆಗೆ ಏನಾದರೂ ಸುತ್ತಿಕೊಳ್ಳಿ.

ನಿಮ್ಮ ಸಿಟ್ಟನ್ನೂ ತೆಗೆದುಕೊಳ್ಳಲು ಸಿದ್ಧಳಾಗಿರುವ,
ಇರಾಂಗನಿ

ಮರೆತ ಮಾತು: ಲಕೋಟೆ ಅಂಟಿಸಿದ ಮೇಲೆ ಮತ್ತೆ ಬಿಡಿಸಿದೆ. ಮೇಲೆ ಬರೆದದ್ದರಲ್ಲಿ ಒಂದು ನಿಜವಲ್ಲ. ಕೊಳಂಬಿನ ಕಾಗದ ನನ್ನ ಮೇಜಿಗೆ ಬಂದದ್ದು ನವೆಂಬರ್ ಹನ್ನೆರಡಕ್ಕೆ, ಕಚೇರಿಯ ಮೊಹರಿನಲ್ಲಿ ತಾರೀಕು ಇದೆ. ಹನ್ನೊಂದರ ಹಾಳೆ ಅಚ್ಚಾದದ್ದು ಒಂಬತ್ತಕ್ಕೇ. ಸಾಲನ್ನು ಮುಚ್ಚುವಾಗ ನೀವು ಹೋಗುತ್ತೀರಿ ಅಂತ ನನಗೆ ಗೊತ್ತೇ ಇರಲಿಲ್ಲ. ನೀವು ಒಂದೇ ಒಂದು ಸಲ ಸೋತು ಮನೆಗೆ ಬಂದು, ಅಡುಗೆಮನೆಯ ಬಾಗಿಲಲ್ಲಿ ನಿಂತು, ನನ್ನನ್ನು ಹುಡುಕಬೇಕು ಅಂತ ಆಸೆಯಿತ್ತು. ಆ ಸಂಜೆ ನಿಮಗಿಂತ ಮೊದಲೇ ಮನೆಗೆ ಬಂದು ಚಹಾ ಕಾಯಿಸಿಟ್ಟುಕೊಂಡು ಕಾದಿದ್ದೆ. ನೀವು ನೇರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿರಿ.