ಗ್ರಾಮಸಭೆಯಲ್ಲಿ ಒನ್ಸ್ ಮೋರ್

ಗಾವಡಗೆರೆ ಹೋಬಳಿ, ನಮ್ಮೂರು
9 ಅಕ್ಟೋಬರ್ 2025

ನನ್ನ ಜಯಲಕ್ಷ್ಮಿಗೆ,

ಮೊದಲು ‘ನಿನ್ನ ಗಂಡನ ಆಶೀರ್ವಾದಗಳು’ ಎಂದು ಬರೆದಿದ್ದೆ. ಓದಿ ನೋಡಿದರೆ ನನಗೇ ನಾಚಿಕೆಯಾಯಿತು, ಹೊಡೆದುಹಾಕಿದೆ. ಆಶೀರ್ವಾದ ಮಾಡುವ ಯೋಗ್ಯತೆ ಈಗ ನನ್ನ ಕೈಗಿಲ್ಲ.

ನೀನು ಫೋನ್ ಎತ್ತುತ್ತಿಲ್ಲ. ಎತ್ತದಿದ್ದುದೇ ಒಳ್ಳೆಯದಾಯಿತು. ಎತ್ತಿದ್ದರೆ ನನ್ನ ಗಂಟಲು ತಾನಾಗಿ ಏರುತ್ತಿತ್ತು, ನಾಟಕದ ರಾಜನ ಹಾಗೆ ‘ಎಲೈ ಜಯಲಕ್ಷ್ಮಿ’ ಎಂದು ಶುರುವಾಗುತ್ತಿತ್ತು. ನೀನು ನಗುತ್ತಿದ್ದೆ, ಇಲ್ಲವೇ ಅಳುತ್ತಿದ್ದೆ. ಎರಡೂ ನನಗೆ ಚಪ್ಪಾಳೆಯೇ ಆಗುತ್ತಿತ್ತು. ಕಾಗದ ಚಪ್ಪಾಳೆ ತಟ್ಟುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೊಗೆಸೊಪ್ಪು ಬೇಯಿಸುವ ನಮ್ಮ ಬ್ಯಾರನ್ನಿಗೆ ತಗಡಿನ ಕೊಳವೆ ಮಾಡಿಕೊಟ್ಟಿದ್ದ ಹುಣಸೂರಿನ ಖದೀರ್ ಸಾಬರು ನಾಳೆ ಸಾಲಿಗ್ರಾಮಕ್ಕೆ ಹೊರಟಿದ್ದಾರೆ. ಹೋಗುವಾಗ ಮಿರ್ಲೆಯಲ್ಲಿ ನಿಮ್ಮಕ್ಕನ ಮನೆಗೆ ಇದನ್ನು ಕೊಟ್ಟು ಹೋಗುತ್ತಾರೆ.

ಗಾಂಧಿ ಜಯಂತಿಯ ಸಭೆಯಲ್ಲಿ ಏನಾಯಿತೆಂದು ನಿನಗೆ ಗೊತ್ತು. ನೀನು ಅಲ್ಲೇ ಇದ್ದೆ. ಆದರೂ ನನ್ನ ಬಾಯಿಂದಲೇ ಅದು ಬರಬೇಕು.

ಹೊಗೆಸೊಪ್ಪು ಬೇಯಿಸುವ ಕಾಲ ಬಂದರೆ ಬ್ಯಾರನ್ ಒಲೆಯ ಮುಂದೆ ಕೂತು ಸೌದೆ ಒಟ್ಟುವವಳು ನೀನು. ಆ ಹೊಗೆ ನಿನ್ನ ಎದೆಗೆ ಇಳಿದಿದೆ, ಇನ್ನು ಒಲೆಯ ಮುಂದೆ ಕೂರಬೇಡಿ ಎಂದು ಡಾಕ್ಟರು ಹೇಳಿದ್ದು ಹೋದ ವರ್ಷ. ‘ನಾನ್ ಕೂರ್ದಿದ್ರೆ ಇನ್ನೊಬ್ಳು ಕೂತ್ಕತಾಳೆ, ಒಲೆ ಅಂತೂ ಆರಾಕಿಲ್ವಲ್ಲ’ ಎಂದೆ ನೀನು. ಅಷ್ಟೇ ಹೇಳಿ ಸುಮ್ಮನಾಗಲಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಚ್.ಡಿ. ಕೋಟೆ ನಾಲ್ಕು ತಾಲ್ಲೂಕಿಗೂ ಸೇರಿಸಿ ಬ್ಯಾರನ್ನಿಗೆ ಸೌದೆ ಉರಿಸುವುದನ್ನು ಬಿಡಿಸುವ ಸರ್ಕಾರದ ಯೋಜನೆ ಬರುತ್ತಿದೆ, ತಾಲ್ಲೂಕಿಗೊಂದು ಊರು ಮೊದಲು ಎಂದು ಕೇಳಿದ್ದೇ ತಡ, ಸಂಘದ ಹೆಂಗಸರನ್ನು ಕಟ್ಟಿಕೊಂಡು ಮನೆಮನೆ ಹತ್ತಿ ಇಳಿದೆ. ಗೋಮಾಳದ ಮೂಲೆಯಲ್ಲಿ ಊರಿಗೊಂದೇ ದೊಡ್ಡ ಬ್ಯಾರನ್. ಮಾಡಿನ ಮೇಲೆ ಸೋಲಾರ್, ಬಿಸಿಲಿಲ್ಲದ ಹೊತ್ತಿಗೆ ಜೋಳದ ದಂಟನ್ನು ಪುಡಿಮಾಡಿ ಒತ್ತಿದ ಉಂಡೆಯ ಉರಿ. ಯಾರ ಸೊಪ್ಪು ಮೊದಲು ಮಾಗುತ್ತದೋ ಅವರ ಸರದಿ ಮೊದಲು. ಇಷ್ಟನ್ನು ನೀನು ಕೂತು ಯೋಚಿಸುತ್ತಿದ್ದಾಗ ನಾನು ಜಗಲಿಯ ಮೇಲೆ ಕಿರೀಟಕ್ಕೆ ಬೇಗಡೆ ಅಂಟಿಸುತ್ತಿದ್ದೆ, ಇನ್ನೆಂದೂ ಆಡದ ನಾಟಕಕ್ಕೆ.

ಗ್ರಾಮಸಭೆ ಒಪ್ಪಿದರೆ ಮಾತ್ರ ಯೋಜನೆ ನಮ್ಮೂರಿಗೆ. ಮಾತಾಡುವವರು ಯಾರು? ನಿನಗೆ ನಾಲ್ಕು ಮಾತಿಗೆ ಕೆಮ್ಮು. ‘ನಿಮ್ ಗಂಟ್ಲು ಒಂದ್ಸಲನಾದ್ರೂ ಮನೆ ಉಪಯೋಗಕ್ಕೆ ಬರ್ಲಿ ಕಣ್ರೀ’ ಎಂದೆ ನೀನು. ನಾನು ಉಬ್ಬಿಹೋದೆ.

ನೀನು ಹೇಳಿಕೊಟ್ಟ ಕ್ರಮ ಎಷ್ಟು ಚೆನ್ನಾಗಿತ್ತು. ಮೊದಲು ಬೇಡವೆನ್ನುವವರ ಮಾತನ್ನು ನಾವೇ ಹೇಳಿಬಿಡುವುದು, ಆಮೇಲೆ ಒಂದೊಂದಕ್ಕೂ ಉತ್ತರ ಕೊಡುವುದು. ಅಡುಗೆಮನೆಯಲ್ಲಿ ನನಗೆ ಪ್ರಾಕ್ಟೀಸು ಮಾಡಿಸಿದೆ. ನಾನು ಎಗರಿದಾಗಲೆಲ್ಲ ನೀನು ಸೌಟಿನಿಂದ ತಟ್ಟೆಗೆ ಬಡಿದು ಅಂಗೈ ಎತ್ತುತ್ತಿದ್ದೆ. ‘ಸಾಕು, ಇಳೀರಿ ಕೆಳಕ್ಕೆ.’

ಆ ಬೆಳಿಗ್ಗೆ ಶಾಲೆಯ ಜಗಲಿ ಹತ್ತಿದೆ. ಎದುರಿಗೆ ಅಂಗಳ ತುಂಬ ಜನ. ಹೆಗಲ ಮೇಲಿನ ಟವೆಲ್ಲನ್ನು ಸರಿಮಾಡಿಕೊಂಡು ಬೇಡವೆನ್ನುವವನ ಪಾರ್ಟು ಶುರುಮಾಡಿದೆ. ‘ನಮ್ಮಪ್ಪ ಬೆವರು ಕಲಸಿ ಕಟ್ಟಿದ ಬ್ಯಾರನ್. ಅದರ ಬಾಗಿಲಿಗೆ ಬೀಗ ಜಡಿಯುವ ಕೈ ಯಾವುದು, ಮುಂದೆ ಬರಲಿ, ನೋಡುತ್ತೇನೆ’ ಎಂದು ತೊಡೆ ತಟ್ಟಿದೆ. ಹಿಂದಿನಿಂದ ಒಂದು ಸಿಳ್ಳೆ ಬಂತು. ಪಕ್ಕದ ಬೀದಿಯ ಚಿಕ್ಕಮಾದು ಎದ್ದು ನಿಂತು, ‘ಒನ್ಸ್ ಮೋರ್ ಕಣಣ್ಣೋ’ ಎಂದ.

ನಮ್ಮ ಸೀಮೆಯ ರಂಗಸ್ಥಳದಲ್ಲಿ ಒನ್ಸ್ ಮೋರ್ ಅಂದರೆ ಆಜ್ಞೆ. ಸತ್ತುಬಿದ್ದ ರಾಜನೂ ಎದ್ದು ಮೈ ಕೊಡವಿಕೊಂಡು ಇನ್ನೊಮ್ಮೆ ಹಾಡಿ ಇನ್ನೊಮ್ಮೆ ಸಾಯಬೇಕು. ಚಿಕ್ಕಂದಿನಿಂದ ಅದರಲ್ಲೇ ಬೆಳೆದವನು ನಾನು. ಮತ್ತೆ ಆಡಿದೆ. ಮತ್ತೆ ಕೂಗಿದರು, ಮತ್ತೆ ಆಡಿದೆ, ಈ ಸಲ ಅಪ್ಪನ ಹೆಸರು ಬಂದ ಕಡೆ ಕಣ್ಣೀರನ್ನೂ ತಂದೆ. ಮುದುಕರು ಮೂಗು ಒರೆಸಿಕೊಂಡರು. ನೀನು ಅಂಗೈ ಎತ್ತಿ ತೋರಿಸಿದೆ ಎಂದು ಸಂಘದ ಚಿಕ್ಕಸಿದ್ದಮ್ಮ ಆಮೇಲೆ ಹೇಳಿದಳು. ಎದುರು ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ನನಗೆ ಕಾಣಲಿಲ್ಲ.

ಅಷ್ಟರಲ್ಲಿ ಯೋಜನೆಯ ಅಧಿಕಾರಿ ಎದ್ದುಬಿಟ್ಟರು. ಅವರಿಗೆ ಇನ್ನೊಂದು ಊರಿನ ಸಭೆ ಇತ್ತು. ಯೋಜನೆ ಬೇಕೆನ್ನುವವರು ಕೈ ಎತ್ತಿ ಎಂದರು. ನಿನ್ನ ಕೈ ಎದ್ದಿತು, ಇನ್ನು ಕೆಲವು ಹೆಂಗಸರ ಕೈ ಎದ್ದವು. ಚಿಕ್ಕಸಿದ್ದಮ್ಮನ ಕೈ ಅರ್ಧಕ್ಕೆ ಬಂದು, ಕಣ್ಣೊರೆಸಿಕೊಳ್ಳುತ್ತಿದ್ದ ಗಂಡನನ್ನು ನೋಡಿ, ಸೆರಗಿನೊಳಕ್ಕೆ ಹೋಯಿತು. ಕೈ ಸಾಲದೆ ಯೋಜನೆ ಬಿದ್ದುಹೋಯಿತು, ನೀನು ಬರೆದುಕೊಟ್ಟಿದ್ದ ಉತ್ತರಗಳೆಲ್ಲ ನನ್ನ ಜೇಬಿನಲ್ಲೇ ಇದ್ದವು.

ಇದಕ್ಕಿಂತ ನಾಚಿಕೆಯ ಮಾತು ಮುಂದಿದೆ. ಗಂಡಸರು ನನ್ನನ್ನು ಎಳೆದುಕೊಂಡು ಟೀ ಅಂಗಡಿಗೆ ಹೋದರು. ‘ನಮ್ಮಪ್ಪನೇ ಎದ್ ಬಂದಂಗಾಯ್ತು ಕಣಣ್ಣ. ಯಾವನ್ಲಾ ಅವ್ನು ನಮ್ ಬ್ಯಾರನ್ ಮುಟ್ಟೋನು’ ಎಂದ ಚಿಕ್ಕಮಾದು. ನಾನು ಆ ಟೀ ಕುಡಿದೆ ಜಯ. ಮೀಸೆ ತಿರುವಿಕೊಂಡೇ ಕುಡಿದೆ. ಮನೆಗೆ ಬಂದರೆ ಮುದ್ದೆಯ ಮೇಲೆ ತಟ್ಟೆ ಮುಚ್ಚಿತ್ತು, ಗೂಟದಲ್ಲಿ ನಿನ್ನ ಬ್ಯಾಗು ಇರಲಿಲ್ಲ.

ಮಾರನೆಯ ದಿನವೇ ಚಿಕ್ಕಮಾದುವಿನ ಮನೆಗೆ ಹೋದೆ. ಅದು ಬರೀ ಪಾರ್ಟು ಕಣೋ, ನನ್ನ ಮಾತಲ್ಲ, ನನ್ನ ಹೆಂಡತಿಯ ಮಾತು ಬೇರೆ ಇದೆ ಎಂದು ಮೆಲ್ಲಗೆ, ಸಾದಾ ದನಿಯಲ್ಲಿ ಹೇಳಿದೆ. ಅವನು ಬಿದ್ದು ಬಿದ್ದು ನಕ್ಕ. ‘ಅವತ್ತು ಆಡಿದ್ದು ದಿಟ ಕಣಣ್ಣ. ನೀ ಈಗ ಆಡ್ತಿರೋದೇ ನಾಟ್ಕ. ಅತ್ಗೆ ಊಟ ಆಕಿಲ್ವಾ?’ ಯಾರ ಮನೆಗೆ ಹೋದರೂ ಇದೇ ಕಥೆ. ಬದುಕಿಡೀ ಗುಡುಗಿದವನು ಮೆಲ್ಲಗೆ ಮಾತಾಡಿದರೆ ಯಾರೂ ನಂಬುವುದಿಲ್ಲ.

ಈಗ ನಿನ್ನ ಜಾಗದಲ್ಲಿ, ಒಲೆಯ ಮುಂದೆ ನಾನು ಕೂರುತ್ತಿದ್ದೇನೆ. ಕೊನೆಯ ಸೊಪ್ಪು ಬೇಯುತ್ತಿದೆ. ಹೊಗೆ ಮೂಗಿಗಲ್ಲ, ನೇರ ಎದೆಗೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಬಾಗಿಲಲ್ಲೇ ನಿಂತು ‘ಆಯ್ತಾ’ ಎಂದು ಕೇಳಿ ಹೋಗುತ್ತಿದ್ದವನು. ಮೊನ್ನೆಯಿಂದ ದನಿಯೇ ಹೊರಡುತ್ತಿಲ್ಲ. ಕೊಳವೆ ರಿಪೇರಿಗೆ ಬಂದ ಖದೀರ್ ಸಾಬರು, ‘ಏನ್ ನಿಂಗಯ್ನೋರೆ, ಈಗ ಕಟ್ಕತಾ ಗಂಟ್ಲು? ಇದೇ ಅವತ್ತು ಕಟ್ಕಂಡಿದ್ರೆ ಅಕ್ಕಾವ್ರು ಮನೇಲಿರೋರು’ ಎಂದರು. ತಲೆ ತಗ್ಗಿಸಿ ಸೌದೆ ಒಟ್ಟಿದೆ.

ಅಧಿಕಾರಿಯನ್ನು ನೋಡಲು ಹುಣಸೂರಿಗೆ ಹೋಗಿದ್ದೆ. ಊರಿನವರು ಕೇಳಿಕೊಂಡರೆ ಈ ತಿಂಗಳೊಳಗೆ ಇನ್ನೊಂದು ಸಭೆ ಕರೆಯಬಹುದಂತೆ, ಇಲ್ಲದಿದ್ದರೆ ಯೋಜನೆ ಬೇರೆ ಊರಿನ ಪಾಲು. ಚಿಕ್ಕಸಿದ್ದಮ್ಮನನ್ನು ಕೇಳಿದೆ. ‘ಅಕ್ಕ ಬಂದು ಏಳಿದ್ರೆ ಎಲ್ರೂ ಕೇಳ್ಕತೀವಿ, ನಾನೂ ಕೈ ಎತ್ತೀನಿ. ನೀವ್ ಬಾಯ್ ಬುಟ್ರೆ ಎದ್ದೋಯ್ತೀನಿ’ ಎಂದಳು. ಆ ಮಾತಿಗೆ ನಾನು ಒಪ್ಪಿ ಬಂದಿದ್ದೇನೆ.

ನೀನು ಬರಬೇಕು. ನನಗಾಗಿ ಬೇಡ, ನಿನ್ನ ಕೆಲಸಕ್ಕಾಗಿ ಬಾ. ಕೆಮ್ಮು ಬಂದರೆ ಕೆಮ್ಮುತ್ತಲೇ ಹೇಳು, ಆ ಕೆಮ್ಮನ್ನೂ ಊರು ಕೇಳಲಿ. ನಾನು ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕೂತು, ನೀನು ಹೇಳಿದಾಗ ಮಾತ್ರ ಕೈ ಎತ್ತುತ್ತೇನೆ. ಸಭೆ ಮುಗಿದ ಮೇಲೆ ನೀನು ಮಿರ್ಲೆಗೇ ವಾಪಸ್ ಹೋಗುತ್ತೇನೆಂದರೂ ತಡೆಯುವುದಿಲ್ಲ, ಬಸ್ಸಿಗೆ ಕೂರಿಸಿ ಬರುತ್ತೇನೆ.

ಗಂಡನೆನ್ನಲು ನೀನಿನ್ನೂ ಒಪ್ಪಿದರೆ, ನಿನ್ನ ಗಂಡ,
ನಿಂಗಯ್ಯ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ನಮ್ಮ ಶಾಲೆಯ ಜಗಲಿ ಪಶ್ಚಿಮಕ್ಕೆ ಮುಖ ಮಾಡಿದೆ. ಬೆಳಗಿನ ಬಿಸಿಲು ನನ್ನ ಬೆನ್ನಿಗಿತ್ತು. ಎರಡನೆಯ ಸಲ ಬಾಯಿ ತೆರೆಯುವ ಮೊದಲೇ ನಿನ್ನ ಅಂಗೈ ನನಗೆ ಚೆನ್ನಾಗಿ ಕಂಡಿತು. ಊರಲ್ಲಿ ನಾಟಕ ನಿಂತು ಎಷ್ಟೋ ವರ್ಷವಾಗಿತ್ತು ಜಯ, ಆ ಸಿಳ್ಳೆಯನ್ನು ಬಿಟ್ಟು ಇಳಿಯಲು ಮನಸ್ಸು ಬರಲಿಲ್ಲ. ಜನ ಕೂಗುತ್ತಿದ್ದಾಗ, ಆ ಗಲಾಟೆಯ ನಡುವೆ, ನೀನು ಕೆಮ್ಮುತ್ತಿದ್ದದ್ದೂ ನನಗೆ ಕೇಳಿಸುತ್ತಿತ್ತು.