ಬರೆದುಕೊಟ್ಟ ತವರು

ನವೆಂಬರ್ 3, ಸೋಮವಾರ

ಮತ್ತೆ ಪ್ರಿಂಟರ್ ಕಾಗದ ಕಚ್ಚಿಕೊಂಡು ಕೂತಿತು. ಯಶೋದ ಎಂಟೂಕಾಲರ ಬಸ್ಸಿಗೆ ಯಳಂದೂರಿನ ತಾಲ್ಲೂಕು ಆಫೀಸಿಗೆ ಹೊರಟವಳು, “ರೀ, ಅದಕ್ಕೂ ಒಂದು ನೋಟಿಸ್ ಕೊಡಿ” ಅಂದು ಹೋದಳು. ಹೆಂಡತಿಗೂ ನನ್ನ ರೋಗ ಅಂಟಿದೆ.

ಮಧ್ಯಾಹ್ನದೊಳಗೆ ಐದು ಅಫಿಡವಿಟ್. ನೋಟರಿ ಸೀಲು ಒತ್ತಿ ಒತ್ತಿ ಬೆರಳೆಲ್ಲ ನೇರಳೆ. ಹೊಸ ವಲಸೆ ಮತ್ತು ವಿದೇಶಿಯರ ಕಾಯಿದೆ ಬಾರ್ ರೂಮಿಗೆ ಬಂದಿದೆ. ಯಾರೂ ಮುಟ್ಟಿಲ್ಲ, ನಾನು ತಂದೆ. ಹಳೆಯ ನಾಲ್ಕು ಕಾಯಿದೆ ಕಳಚಿ ಒಂದು ಮಾಡಿದ್ದಾರೆ. ಕಾಯಿದೆ ಇರುವುದು ಕಾಯುವುದಕ್ಕೋ, ಕಾಯಿಸುವುದಕ್ಕೋ... ಕೊಳ್ಳೇಗಾಲದಲ್ಲಿ ಎರಡನೆಯದೇ ರೂಢಿ.

ಸಂಜೆ ಸಬ್ ಇನ್ಸ್‌ಪೆಕ್ಟರ್ ಫೋನ್. ಅಜ್ಜೀಪುರದ ಕಡೆಯ ಕ್ವಾರಿಯಿಂದ ಏಳು ಜನ ಕೂಲಿಗಳನ್ನು ಕರೆತಂದಿದ್ದಾರಂತೆ. ಬಂಗಾಲಿ ಬಿಟ್ಟರೆ ಬೇರೆ ಬಾರದು. “ನಿಮಗೆ ಗೊತ್ತಿರೋರು ಯಾರಾದ್ರೂ ಇದ್ದಾರಾ ವಕೀಲ್ರೇ?”

ಇದ್ದಾಳೆ ಅಂದೆ. ಮಗ್ಗದ ಪುಟ್ಟಮಲ್ಲಪ್ಪನ ಹೆಂಡತಿ, ನಮ್ಮ ಮಿನತಿ. ದೊಡ್ಡ ಉಪಕಾರ ಮಾಡಿದವನ ಗತ್ತಿನಲ್ಲಿ ಫೋನ್ ಇಟ್ಟೆ.

ನವೆಂಬರ್ 4, ಮಂಗಳವಾರ

ಸ್ಟೇಷನ್‌ಗೆ ನಾನೇ ಕರೆದುಕೊಂಡು ಹೋದೆ. ಎಷ್ಟು ಚೆನ್ನಾಗಿ ಕೆಲಸ ಮಾಡಿದಳು. ಎರಡು ಗಂಟೆಯೊಳಗೆ ಏಳೂ ಜನರ ಊರು, ಠಾಣೆ, ಮಾಲೀಕನ ಹೆಸರು ಎಲ್ಲ ಬರೆಸಿದಳು. ಕಾಗದ ಸರಿಯಿತ್ತು. ಬಿಟ್ಟರು. ಸಬ್ ಇನ್ಸ್‌ಪೆಕ್ಟರ್ ಟೀ ತರಿಸಿದರು.

“ಯಾವೂರಮ್ಮ ನಿಂದು?”

“ಧನಗೆರೆ ಸಾ.”

“ಧನಗೆರೇಲಿ ಬಂಗಾಲಿ ಇಸ್ಕೂಲು ಯಾವಾಗ ತೆಗುದ್ರು?”

ಕಾನ್‌ಸ್ಟೇಬಲ್ ನಕ್ಕ. ನಾನೂ ನಕ್ಕೆ. ಸಬ್ ಇನ್ಸ್‌ಪೆಕ್ಟರ್ ನಗಲಿಲ್ಲ. ಆಧಾರ್ ಕೇಳಿದರು. ಕೊಟ್ಟಳು. ತಂದೆ ಚಿಕ್ಕಮಾದಯ್ಯ, ಧನಗೆರೆ. ಅದನ್ನು ತಿರುಗಿಸಿ ನೋಡಿ, ಫೋಟೋ ತೆಗೆದುಕೊಂಡು, ವಾಪಸ್ ಕೊಟ್ಟರು. ಟೀ ತಣ್ಣಗಾಗಿತ್ತು.

ಅದೇ ದಿನ, ಮಧ್ಯಾಹ್ನ 3

ಕೈಗೆ ಬೇರೆ ಕೆಲಸ ಹತ್ತುತ್ತಿಲ್ಲ. ನನಗೇ ನೆನಪಿರಲಿ ಎಂದು ಬರೆಯುತ್ತೇನೆ.

ಮಿನತಿ ಹುಟ್ಟಿದ್ದು ಬಂಗಾಳದ ಕೂಚ್ ಬಿಹಾರದಲ್ಲಿ. ನಮ್ಮದೇ ದೇಶ. ಗಡಿ ಹತ್ತಿರ, ಅಷ್ಟೇ. ಚಿಕ್ಕಮ್ಮನ ಜೊತೆ ಇಲ್ಲಿನ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಗೆ ಬಂದಳು. ಕೊರೊನಾದಲ್ಲಿ ಚಿಕ್ಕಮ್ಮ ತೀರಿಹೋದಳು. ಪುಟ್ಟಮಲ್ಲಪ್ಪ ಹೆಣ್ಣು ಹುಡುಕಿ ಹುಡುಕಿ ಮೂವತ್ತೆಂಟಾಗಿದ್ದ. ಇಬ್ಬರೂ ಒಪ್ಪಿದರು. ಆದರೆ ತವರಿಲ್ಲದ ಹೆಣ್ಣಿಗೆ ಧಾರೆ ಎರೆಯುವವರು ಯಾರು? ಮಡಿಲಕ್ಕಿ ಹಾಕುವವರು ಯಾರು? ಧನಗೆರೆಯ ಚಿಕ್ಕಮಾದಯ್ಯ, ದೊಡ್ಡಮಾದಮ್ಮ ತವರಾಗಿ ನಿಂತರು. ನಮ್ಮ ಕಡೆ ಹೀಗೆ ನಿಲ್ಲುತ್ತಾರೆ. ನಿಂತರೆ ಅದು ಒಂದು ದಿನದ ನಾಟಕವಲ್ಲ. ಪ್ರತಿವರ್ಷ ಗೌರಿಗೆ ಬಾಗಿನ ಬರುತ್ತದೆ. ಮಗಳು ಇಂಚರ ಹುಟ್ಟಿದಾಗ ಬಾಣಂತನವೂ ಅಲ್ಲೇ ಆಯಿತು.

ಆಮೇಲೆ ಆಧಾರ್ ಬೇಕಾಯಿತು. ಅವಳ ಕೈಯಲ್ಲಿ ಒಂದು ಚೂರು ಕಾಗದವಿಲ್ಲ. ಕೂಚ್ ಬಿಹಾರದಿಂದ ತರಿಸುವುದು ತಡ. “ತವರು ಧನಗೆರೆ ಅಲ್ಲವೇ, ಹಾಗೇ ಬರೆದರಾಯಿತು” ಅಂದವನು ನಾನು. ಧನಗೆರೆಯಲ್ಲೇ ಹುಟ್ಟಿದಳು, ಚಿಕ್ಕಮಾದಯ್ಯನ ಸ್ವಂತ ಮಗಳು, ಎಂದು ಅಫಿಡವಿಟ್ ಬರೆದೆ. ಚಿಕ್ಕಮಾದಯ್ಯ ಹೆಬ್ಬೆಟ್ಟು ಒತ್ತಿದ. ನಾನು ಸೀಲು ಒತ್ತಿದೆ. ಪಾಯಸ ಕುಡಿದು ಮನೆಗೆ ಬಂದೆ.

ನವೆಂಬರ್ 7, ಶುಕ್ರವಾರ

ಇವತ್ತು ಮಿನತಿಯನ್ನು ವಿದೇಶಿ ಎಂಬ ಅನುಮಾನದ ಮೇಲೆ ಕರೆದೊಯ್ದರು. ಮೈಸೂರಿನ ಒಂದು ಮಹಿಳಾ ನಿಲಯಕ್ಕೆ. ಇಂಚರಳನ್ನು ಅಪ್ಪನ ಹತ್ತಿರ ಬಿಟ್ಟರು. ನಾಲ್ಕು ವರ್ಷದ್ದು. ಜೀಪಿನಲ್ಲಿ ತನಗೂ ಜಾಗ ಇದೆ ಎಂದು ಹತ್ತಿ ಕೂತಿತ್ತು. ಇಳಿಸಬೇಕಾಯಿತು.

ನವೆಂಬರ್ 8

ಕಾಯಿದೆ ಪೂರ್ತಿ ಓದಿದೆ. ಒಂದು ಕಲಂ ಎರಡು ಸಲ. ಕಳ್ಳ ಅಂತ ಅಂದವನು ಕಳ್ಳತನ ತೋರಿಸಬೇಕು, ಕೋರ್ಟಿನಲ್ಲಿ ನಾವು ಕಂಡ ದಾರಿ ಅದು. ಇಲ್ಲಿ ತಿರುವುಮುರುವು. ವಿದೇಶಿ ಅಂತ ಅನುಮಾನ ಬಂದರೆ, ಅಲ್ಲ ಅಂತ ಅವಳೇ ತೋರಿಸಬೇಕು. ಮದುವೆಯ ಫೋಟೋ ನಡೆಯದು. ಆಧಾರೂ ಪೌರತ್ವಕ್ಕೆ ಆಧಾರವಲ್ಲ. ಹೆಸರಿಟ್ಟವರಿಗೆ ನನಗಿಂತ ಚೆನ್ನಾಗಿ ಹಾಸ್ಯ ಬರುತ್ತದೆ.

ಜೊತೆಗೆ ಮೇಲಿನಿಂದ ಬಂದ ಸೂಚನೆ. ಅವಳು ಹೇಳಿದ ಊರಿಗೆ ಪತ್ರ ಹೋಗುತ್ತದೆ. ಮೂವತ್ತು ದಿನದಲ್ಲಿ ‘ನಮ್ಮವಳು’ ಎಂಬ ಉತ್ತರ ಬರಬೇಕು. ಬರದಿದ್ದರೆ ಗಡಿ ದಾಟಿಸುತ್ತಾರೆ.

ಡಿಸೆಂಬರ್ 7ಕ್ಕೆ ಮೂವತ್ತು.

ನವೆಂಬರ್ 9, ಭಾನುವಾರ

ಆಫೀಸಿಗೆ ಗಂಡ, ತವರಿನವರು ಮೂವರೂ ಬಂದಿದ್ದರು. ಪುಟ್ಟಮಲ್ಲಪ್ಪ ಕೂರಲೇ ಇಲ್ಲ.

“ನಿಜ ಯೋಳ್ಬುಡವಾ ಸಾ. ಅವ್ಳೂರಿಗೇ ಕಾಗ್ದ ಓಗ್ಲಿ. ಅಲ್ಲಿ ಅವ್ಳಣ್ಣ ಅವ್ನೆ.”

“ಹೇಳಿದರೆ ಅಫಿಡವಿಟ್ ಸುಳ್ಳು ಅಂತಾಗುತ್ತೆ. ಹೆಬ್ಬೆಟ್ಟು ಒತ್ತಿದ ಚಿಕ್ಕಮಾದಯ್ಯನ ಮೇಲೆ ಕೇಸ್ ಬೀಳುತ್ತೆ” ಅಂದೆ.

ಚಿಕ್ಕಮಾದಯ್ಯ ಟವೆಲ್ಲಿನಿಂದ ಮುಖ ಒರೆಸಿಕೊಂಡ. ದೊಡ್ಡಮಾದಮ್ಮ ಸಿಡುಕಿದಳು. “ಸುಳ್ಳು ಯಾವ್ದು ಸಾ? ಮಡ್ಲಕ್ಕಿ ಉಯ್ದೋಳು ನಾನು. ಬಾಣಂತನ ಮಾಡ್ದೋಳು ನಾನು. ಎತ್ತೋರು ಬಂದಿದ್ರಾ ಬಿಸಿನೀರು ಕಾಯ್ಸಕ್ಕೆ?”

“ಕೋರ್ಟು ಬಿಸಿನೀರು ಲೆಕ್ಕಕ್ಕೆ ತಗೊಳಲ್ಲ ಕಣಮ್ಮ.”

“ಮತ್ತೆ ಬರ್ಕೊಟ್ರಲ್ಲಾ, ಆಗ ತಗತಿತ್ತಾ?”

ಎಲ್ಲರೂ ಒಂದೇ ಮಾತು ಹಿಡಿಯಿರಿ, ಧನಗೆರೆ ಬಿಟ್ಟು ಕದಲಬೇಡಿ ಅಂದೆ. ಮಿನತಿಗೂ ಹಾಗೇ ಹೇಳಿ ಕಳಿಸಿದೆ. ಒಪ್ಪಿದರು. ಕಾನೂನು ಓದಿದವನು ಹೇಳಿದನಲ್ಲ.

ಚಿಕ್ಕಮಾದಯ್ಯನ ಮೇಲೆ ಕೇಸ್ ಬೀಳುತ್ತದೆ ಅಂದೆ. ಬರೆದವನ ಮೇಲೆ ಏನು ಬೀಳುತ್ತದೆ ಅನ್ನಲಿಲ್ಲ. ಗೊತ್ತಿದ್ದು ಸುಳ್ಳು ಬರೆದ ನೋಟರಿಗೆ ಸೀಲು ಉಳಿಯುವುದಿಲ್ಲ. ವಕೀಲಿಯ ಸನ್ನದೂ ಉಳಿಯಲಿಕ್ಕಿಲ್ಲ.

ನವೆಂಬರ್ 12

ಹತ್ತಿರದ ಊರು, ಉತ್ತರ ಬೇಗ ಬಂತು. ಧನಗೆರೆಯ ಜನನ ರಿಜಿಸ್ಟರಿನಲ್ಲಿ ಇಲ್ಲ. ಶಾಲೆಯ ದಾಖಲಾತಿಯಲ್ಲಿ ಇಲ್ಲ. ನೆರೆಯವರೊಬ್ಬರು ಮಾತ್ರ, “ನಮ್ಮೂರ ಮಗಳೇ ಸಾ, ಮದುವೇಲಿ ಉಂಡಿದೀವಿ” ಅಂದರಂತೆ.

ನೋಡೋಣ. ಇನ್ನೂ ದಿನ ಇದೆ.

ನವೆಂಬರ್ 27, ಗುರುವಾರ

ಹದಿನೈದು ದಿನ ಬರೆದಿಲ್ಲ. ವೈರಲ್ ಜ್ವರ ಅಂತ ಬಾರ್ ರೂಮಿಗೆ ಹೇಳಿದ್ದೆ. ಥರ್ಮಾಮೀಟರ್ ಒಪ್ಪಿರಲಿಲ್ಲ. ಪುಟ್ಟಮಲ್ಲಪ್ಪ ಮೂರು ಸಲ ಮನೆಗೆ ಬಂದ. ಮಲಗಿದ್ದಾರೆ ಅನ್ನು ಅಂದೆ ಯಶೋದಳಿಗೆ. ಮೊದಲೆರಡು ಸಲ ಅಂದಳು. ಮೂರನೆಯ ಸಲ, “ಎದ್ದೇ ಇದ್ದಾರೆ, ಒಳಗೆ ಹೋಗಪ್ಪ” ಅಂದಳು.

ಅವನು ಬೈಯಲಿಲ್ಲ. ಮಗ್ಗ ನಿಂತಿದೆ, ಮಗು ಊಟ ಬಿಟ್ಟಿದೆ ಅಂದ. “ಒಂದ್ಸಲ ನೋಡ್ಕಂಡು ಬನ್ನಿ ಸಾ. ನಿಮ್ಮನ್ನೇ ಕೇಳ್ತಾಳೆ.”

ಇವತ್ತು ಮೈಸೂರಿಗೆ ಹೋಗಿದ್ದೆ. ಮಿನತಿ ಇಳಿದುಹೋಗಿದ್ದಾಳೆ. ನಡುವೆ ಕಂಬಿ ಇರಲಿಲ್ಲ, ಒಂದು ಮೇಜು ಇತ್ತು.

“ಅಣ್ಣಾ, ದಿನಾ ಕೇಳ್ತಾರೆ, ನಿಮ್ಮಪ್ಪ ಯಾರು ಅಂತ. ಚಿಕ್ಕಮಾದಯ್ಯ ಅಂತೀನಿ. ನೀವು ಯೋಳಿದ್ರಲ್ಲ, ಅದೇ ಯೋಳ್ತಾ ಇವ್ನಿ. ಸರೀಗಿದೆ ಅಲ್ವಾ?”

“ಸರಿಯಾಗಿದೆ” ಅಂದುಬಿಟ್ಟೆ.

“ನಮ್ಮಪ್ಪ ಹರೇನ್ ಬರ್ಮನ್. ಸತ್ತು ಎಂಟು ವರ್ಷ ಆಯ್ತು. ಒಂದ್ ಕಿತಾನೂ ಆ ಎಸ್ರು ಬಾಯಿಗೆ ತಂದಿಲ್ಲ ಅಣ್ಣ. ಬಾಯಿಗೆ ಬಂದೋಯ್ತದೆ ಅಂತ ಎದ್ರಿಕೆ.”

ಬಸ್ಸಿನಲ್ಲಿ ಟಿ. ನರಸೀಪುರದವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಯಶೋದಳಿಗೆ ಎಲ್ಲ ಹೇಳಿದೆ. ಸಾರು ಬಡಿಸುತ್ತ ಕೇಳಿದಳು. “ನನ್ನ ಸಂಬಳ ಇದೆಯಲ್ಲ ರೀ. ಊಟಕ್ಕೇನೂ ತೊಂದರೆ ಇಲ್ಲ. ಇನ್ನೇನು ಯೋಚನೆ ನಿಮಗೆ?”

ಇಪ್ಪತ್ತು ದಿನ ಮುಗಿದಿದೆ.

ನವೆಂಬರ್ 28

ಸ್ಟೇಷನ್‌ಗೆ ಹೋಗಿ ಬರೆದುಕೊಟ್ಟೆ. ನನ್ನ ಹೆಸರು, ನನ್ನ ಸಹಿ. ಸುಳ್ಳೆಂದು ಗೊತ್ತಿದ್ದೇ ಬರೆದದ್ದು, ಚಿಕ್ಕಮಾದಯ್ಯನಿಗೆ ಓದು ಬಾರದು, ನಾನು ಹೇಳಿದಲ್ಲಿ ಹೆಬ್ಬೆಟ್ಟು ಒತ್ತಿದ. ಆಕೆಯ ನಿಜವಾದ ಊರು, ತಂದೆ, ಅಣ್ಣ ಬಿಮಲ್, ಎಲ್ಲ ಬರೆದೆ.

ಸಬ್ ಇನ್ಸ್‌ಪೆಕ್ಟರ್ ಎರಡು ಸಲ ಓದಿದರು. “ಮೂರು ವಾರ ಏನ್ ಮಾಡ್ತಿದ್ರಿ ವಕೀಲ್ರೇ?”

“ಜ್ವರ.”

ಅವರು ತಲೆಯೆತ್ತಲಿಲ್ಲ. “ಈಗ ಫೈಲಲ್ಲಿ ಎರಡು ಊರು, ಇಬ್ಬರು ಅಪ್ಪಂದಿರು. ಮೊದಲೇ ಒಂದು ಹೇಳಿದ್ರೆ ನಂಬ್ತಿದ್ರು. ಕಳಿಸ್ತೀನಿ. ಉತ್ತರ ಬರೋದು ನನ್ನ ಕೈಲಿಲ್ಲ.”

ಡಿಸೆಂಬರ್ 1, ಸೋಮವಾರ

ಕೂಚ್ ಬಿಹಾರಕ್ಕೆ ಪತ್ರ ಹೋಯಿತು. ನನಗೂ ಒಂದು ನೋಟಿಸ್ ಬಂತು. ಸೀಲು ಒಪ್ಪಿಸಿದೆ. ಅಲ್ಲಿನ ಪಂಚಾಯಿತಿಯ ಮೂಲಕ ಬಿಮಲನ ನಂಬರ್ ಸಿಕ್ಕಿತು. ಅವನ ಹಿಂದಿ, ನನ್ನ ಹಿಂದಿ... ಇಬ್ಬರೂ ಬಡವರು. ತಂಗಿ ಬದುಕಿದ್ದಾಳೆ ಎನ್ನುವುದೇ ಅವನಿಗೆ ಗೊತ್ತಿರಲಿಲ್ಲ. ನದಿ ಮನೆ ಕೊಚ್ಚಿಕೊಂಡು ಹೋಗಿದೆಯಂತೆ, ಆದರೆ ಶಾಲೆ ಉಳಿದಿದೆ. ಅಲ್ಲಿ ಅವಳ ಹೆಸರು ಇರಬೇಕು. ಓಡುತ್ತೇನೆ ಅಂದ.

ಡಿಸೆಂಬರ್ 5

ಬಿಮಲ್ ಮೂರು ಕಚೇರಿ ತಿರುಗಿದ್ದಾನೆ. ಶಾಲೆಯ ದಾಖಲೆ ಸಿಕ್ಕಿದೆ. ದೊಡ್ಡ ಸಾಹೇಬರ ಸಹಿ ಬಾಕಿ. ಸಾಹೇಬರು ರಜೆ.

ಡಿಸೆಂಬರ್ 8, ಸೋಮವಾರ

ನಿನ್ನೆಗೆ ಮೂವತ್ತು. ಬೆಳಿಗ್ಗೆ ಮಿನತಿಯನ್ನು ಮೈಸೂರಿನಿಂದ ಬೆಂಗಳೂರಿಗೆ ಕರೆದೊಯ್ದರು. ಗಡಿ ದಾಟಿಸದಂತೆ ಹೈಕೋರ್ಟಿನಲ್ಲಿ ಗೆಳೆಯನಿಂದ ಅರ್ಜಿ ಹಾಕಿಸಿದೆ. ಗುರುವಾರ ವಿಚಾರಣೆಗೆ ಬರುತ್ತದಂತೆ.

ಡಿಸೆಂಬರ್ 11, ಗುರುವಾರ

ಅರ್ಜಿ ಬಂತು. ಮಿನತಿ ಇರಲಿಲ್ಲ. ಬುಧವಾರದ ವಿಮಾನದಲ್ಲಿ ಪೂರ್ವದ ಗಡಿಗೆ ಸಾಗಿಸಿದ್ದರು.

ಡಿಸೆಂಬರ್ 12

ಕೂಚ್ ಬಿಹಾರದ ಉತ್ತರ ಬಂದಿದೆ. ಸಹಿ, ಮೊಹರು, ಎಲ್ಲ ಸರಿಯಾಗಿದೆ. ಈಕೆ ಇದೇ ಊರಿನವಳು, ಭಾರತೀಯಳು.

ಸಬ್ ಇನ್ಸ್‌ಪೆಕ್ಟರ್ ತಾವೇ ಮನೆಗೆ ತಂದು ತೋರಿಸಿದರು. ಯಶೋದ ಕಾಫಿ ಕೊಟ್ಟಳು. ಇಬ್ಬರೂ ಕುಡಿಯಲಿಲ್ಲ.

ಧನಗೆರೆಗೆ ಅದರ ನಕಲು ಹಿಡಿದು ಹೋಗಿ ಹೇಳಿದೆ. ದೊಡ್ಡಮಾದಮ್ಮ ಕಾಗದ ಈಸಿಕೊಂಡಳು. ತಲೆಕೆಳಗಾಗಿ ಹಿಡಿದಿದ್ದಳು. “ಅಂಗಾರೆ ಕರ್ಕಂಬತ್ತಾರಾ?” ಅಂದಳು.

ಡಿಸೆಂಬರ್ 16, ಮಂಗಳವಾರ, ಬೆಳಿಗ್ಗೆ 11.20

ಈಗಷ್ಟೇ ಒಂದು ಫೋನ್. ಪರದೇಶದ ನಂಬರ್. ಯಾರದೋ ಮೊಬೈಲು, ಹಿಂದೆ ಕೋಳಿಗಳ ಸದ್ದು, ಗಂಡಸರ ಮಾತು.

ಮಿನತಿ. ಕತ್ತಲಲ್ಲಿ ಗದ್ದೆಗೆ ಇಳಿಸಿ, ನಡಿ ಅಂದರಂತೆ. ಗಡಿಯ ಆ ಕಡೆಯವರು ಹಿಡಿದು ಒಂದು ಶೆಡ್ಡಿನಲ್ಲಿ ಕೂರಿಸಿದ್ದಾರೆ. ಅವಳ ಮಾತು ಅವರಿಗೆ ಅರ್ಥವಾಗುತ್ತದೆ. ಅದೇ ಕಷ್ಟವಾಗಿದೆ. ನಮ್ಮವಳಲ್ಲ ಅಂತಲೂ ಅನ್ನುತ್ತಾರೆ, ಇಲ್ಲಿನವಳೇ ಇರಬೇಕು ಅಂತಲೂ ಅನ್ನುತ್ತಾರೆ. ಇಂಚರ ಉಂಡಳಾ ಅಂತ ಕೇಳಿದಳು. ಉಂಡಳು ಅಂದೆ. ಉತ್ತರ ಬಂದಿದೆ, ಹೈಕೋರ್ಟಿಗೆ ಕೊಟ್ಟಿದ್ದೇವೆ, ಕರೆಸುತ್ತೇವೆ ಅಂದೆ. ಎಷ್ಟು ದಿನ ಅಂತ ಅವಳು ಕೇಳಲಿಲ್ಲ.

“ಅಣ್ಣಾ, ಬರ್ಕಳಕ್ಕೆ ಸಾಹೇಬ್ರು ಮುಂದೆ ಕೂತವ್ರೆ. ಊರು ಯಾವ್ದು, ಅಪ್ಪ ಯಾರು ಅಂತ ಕೇಳ್ತಾವ್ರೆ. ಬೇಗ ಯೋಳಿ, ಪೋನ್ ಕಿತ್ಕತಾರೆ. ಯಾವ್ದು ಬರೆಸ್ಲಿ?”

ನಾನು “ಹರೇನ್ ಬರ್ಮನ್” ಅನ್ನುವಷ್ಟರಲ್ಲಿ ಫೋನ್ ಕಟ್ಟಾಯಿತು.