ಕೆಂಪಕ್ಕ ಎಡಕ್ಕೆ

ಫೆಬ್ರವರಿ 3, ಬೆಳಿಗ್ಗೆ

ನಾದಿನಿ ಇನ್ನೂ ತಲೆ ಬಾಚುತ್ತಿದ್ದಾಳೆ. ಕಂಪನಿ ಬಸ್ಸು ಇವಳಿಗಾಗಿ ಕಾಯುತ್ತದೆಯೇ? ಕಾರುಗಳಿಗೆ ವೈರಿನ ಕಟ್ಟು ಕಟ್ಟುವ ನಮ್ಮ ಲೈನಿಗೆ ಇವಳನ್ನು ನಾನೇ ಸೇರಿಸಿದ್ದು. ಕೋಪ ಮೂಗಿನ ತುದಿಯಲ್ಲಿ, ಆದರೆ ಕೈ ಚುರುಕು. ಯಾವ ವೈರು ಎಲ್ಲಿಗೆ ಎಂದು ನೆನಪಿಡಲು ನಾನೇ ಕಟ್ಟಿದ ಪದ ಹಾಡಿ ಹೇಳಿಕೊಟ್ಟೆ — ಕೆಂಪಕ್ಕ ಎಡಕ್ಕೆ, ಹಳದಕ್ಕ ಕೆಳಕ್ಕೆ, ಕರಿಯಣ್ಣ ಕೊನೆಗೆ. ಬಿದ್ದು ಬಿದ್ದು ನಕ್ಕಳು. ಒಂದೇ ವಾರದಲ್ಲಿ, ವೈರು ಜೋಡಿಸುವ ಬೋರ್ಡಿನ ಗುರುತು ನೋಡದೆ ಕಟ್ಟತೊಡಗಿದಳು.

ಫೆಬ್ರವರಿ 11

ಹೆಡ್ ಆಫೀಸಿನವರು ಬರುತ್ತಾರಂತೆ. ಹೊಸ ಕಾರಿನ ಕೆಲಸ ನಮಗೋ, ಇನ್ನೊಂದು ದೇಶದಲ್ಲಿ ಅವರು ಕಟ್ಟುತ್ತಿರುವ ಫ್ಯಾಕ್ಟರಿಗೋ — ನೋಡಿ ತೀರ್ಮಾನ. ಅಲ್ಲಿ ಜಾಗ ಪುಕ್ಕಟೆ, ತೆರಿಗೆ ಮಾಫಿ, ಸಂಬಳ ಅರ್ಧ. ನಮ್ಮಲ್ಲಿರುವುದು ಪಳಗಿದ ಕೈ ಒಂದೇ ಎಂದರು ಮ್ಯಾನೇಜರ್. ಈ ಕೆಲಸ ತಪ್ಪಿದರೆ ಫ್ಯಾಕ್ಟರಿಗೆ ಬೀಗ. ನಮ್ಮ ಯಜಮಾನರೂ ಅಲ್ಲೇ ಗೋಡೌನಿನಲ್ಲಿ. ಮನೆಯ ಮೂರೂ ಸಂಬಳ ಅಲ್ಲಿಂದಲೇ... ಹೆದರಿಕೆ.

ಫೆಬ್ರವರಿ 19, ಸಂಜೆ

ಬಂದು ಹೋದರು. ಅವರ ಮುಖ್ಯಸ್ಥೆ ಕನ್ನಡಕದವಳು. ಹೊಸಬರಿಗೆ ಕಲಿಸಲು ಎಷ್ಟು ಕಾಲ ಬೇಕು ಎಂದು ಕೇಳಿದಳು. ಮ್ಯಾನೇಜರ್ ಬಾಯಿ ತೆರೆಯುವ ಮೊದಲೇ ನಾನು — "ನನ್ ಕೈಗೆ ಕೊಡಿ ಮೇಡಂ, ಒಂದು ವಾರ ಸಾಕು. ಬೇಕಾದ್ರೆ ನಮ್ಮ ನಾದಿನೀನೇ ನೋಡಿ."

ನಾದಿನಿ ಕಟ್ಟಿ ತೋರಿಸಿದಳು. ಪದ ಹಾಡಿಸಿ ಫೋನಿನಲ್ಲಿ ವೀಡಿಯೊ ಹಿಡಿದುಕೊಂಡರು. ಚಪ್ಪಾಳೆ. ನನಗೋ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮ್ಯಾನೇಜರ್ ಮುಖ ಮಾತ್ರ ಇಂಗು ತಿಂದ ಮಂಗನ ಹಾಗೆ. ಹೊಟ್ಟೆಕಿಚ್ಚಿರಬೇಕು.

ಮಾರ್ಚ್ 27

ಹೊಸ ಕಾರಿನ ಕೆಲಸ ಆ ದೇಶಕ್ಕೇ ಹೋಯಿತು. ಮ್ಯಾನೇಜರ್ ಒಳಗೆ ಕರೆದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಈ ಕೈ ಪಳಗೋಕೆ ವರ್ಷಗಟ್ಟಲೆ ಬೇಕು ಅಂತ ಅವರಿಗೆ ಹೇಳ್ಕೊಂಡು ಕೆಲಸಾನ ಇಲ್ಲೇ ಹಿಡಿದಿಟ್ಟಿದ್ದೆ ಕಣಮ್ಮ. ವಾರ ಸಾಕು ಅಂತ ನೀನೇ ತೋರಿಸ್ಬಿಟ್ಟೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ನಾಲಿಗೆಗೆ ಬೆಂಕಿ ಹಾಕ.

ಜೂನ್ 8

ನಮ್ಮ ಬೋರ್ಡುಗಳನ್ನೇ ಬಿಚ್ಚಿ ಹೊಸ ಫ್ಯಾಕ್ಟರಿಗೆ ಕಳಿಸಿದರು. ಲಾರಿಗೆ ಏರಿಸಿದವರು ನಮ್ಮ ಯಜಮಾನರೇ. ಬಂದು ಊಟ ಮಾಡದೆ ಮಲಗಿದರು.

ಸೆಪ್ಟೆಂಬರ್ 2

ಫ್ಯಾಕ್ಟರಿಗೆ ಬೀಗ ಬಿತ್ತು, ಮೂವರೂ ಮನೆಯಲ್ಲಿ. ನಾದಿನಿ ಫೋನು ಹಿಡಿದು ಬಂದಳು. ಹೊಸ ಫ್ಯಾಕ್ಟರಿಯ ವೀಡಿಯೊ. ಸಾಲಾಗಿ ಹುಡುಗಿಯರು. ಅರ್ಥವಾಗದ ಭಾಷೆ, ಆದರೆ ರಾಗ ನನ್ನದೇ. ಕಟ್ಟುವ ಕೈಗಳೂ ಹಾಗೆಯೇ.

ಅವಳು ಸಿಟ್ಟಾಗಲಿಲ್ಲ. ಪೂರ್ತಿ ನೋಡಿದಳು. "ಚೆನ್ನಾಗೇ ಕಟ್ತಾರೆ. ಸೇರಿ ಒಂದು ವಾರ ಆಗಿರ್ಬೇಕು, ಅಲ್ವಾ ಅತ್ತಿಗೆ?"

ಆಗ ಕಂಡಿತು — ಮಡಿಲಲ್ಲಿ ನನ್ನ ಬೆರಳುಗಳೂ ಆಡುತ್ತಿದ್ದವು. ಎಡಕ್ಕೆ, ಕೆಳಕ್ಕೆ,